ಬೈಬಲ್ ಕೌತುಕಗಳು, ಹಸ್ತಪ್ರತಿಗಳು, ಕಥೋಲಿಕ ನಂಬಿಕೆ: ಹಳೆ ಮೈಸೂರು ಸೀಮೆಯ ನೆಲೆಯಿಂದ

ಕನಕಪುರ ತಾಲ್ಲೂಕಿನ ಹಾರೋಬೆಲೆ ಅರ್ಕಾವತಿ ನದಿಯ ಮಗ್ಗುಲಿನ ಊರು. ಅಲ್ಲಿನ ಬಹುಪಾಲು ಮನೆಗಳು ಕನ್ನಡ ಕಥೋಲಿಕರವು. ಊರಿಗೆ ಹೊಂದಿಕೊಂಡ ಗುಡ್ಡಕ್ಕೆ ಕಪಾಲಬೆಟ್ಟ ಎಂಬ ಹೆಸರಿದೆ. ತಪಸ್ಸುಕಾಲ ಮುಗಿಯುತ್ತ ಬಂದು ಶುಭ ಶುಕ್ರವಾರ ಬಂತೆಂದರೆ ಜನ ಶಿಲುಬೆಯ ಹಾದಿ ಮಾಡುತ್ತ ಆ ಬೆಟ್ಟ ಹತ್ತುತ್ತಾರೆ. 2019ರ ಕ್ರಿಸ್‌ಮಸ್ ದಿನ ಇಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಅಡಿಗಲ್ಲು ಬಿದ್ದಾಗ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಮೊಳಗಿತು. ಜಾಗ ಯಾರದು, ಬೆಟ್ಟ ಮುನೇಶ್ವರನದೋ ಕಪಾಲದ್ದೋ ಎಂಬ ವಾದಗಳೆದ್ದವು. ಆ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಯೇಸು ಸತ್ತದ್ದು ಬೆಟ್ಟದ ಮೇಲೆ ಎಂದು ಹೇಳಿದವರು ಯಾರು?

ನಾಲ್ಕು ಶುಭಸಂದೇಶಗಳಲ್ಲಿ ಹುಡುಕಿದರೆ ಬೆಟ್ಟ ಸಿಗುವುದಿಲ್ಲ. ಗೊಲ್ಗೊಥಾ ಎಂಬ ಜಾಗ ಸಿಗುತ್ತದೆ. ಕನ್ನಡ ಬೈಬಲ್ ಅದನ್ನು ಕಪಾಲಸ್ಥಳ ಎಂದು ವಿವರಿಸುತ್ತದೆ. ಅದು ನಗರಕ್ಕೆ ಹತ್ತಿರ ಇತ್ತು, ಹತ್ತಿರದಲ್ಲೊಂದು ತೋಟವಿತ್ತು, ತೋಟದಲ್ಲಿ ಸಮಾಧಿಯಿತ್ತು ಎಂದಷ್ಟೇ ಯೊವಾನ್ನನ ಬರಹ ತಿಳಿಸುತ್ತದೆ. ದಿಬ್ಬದ ಮಾತು ಕಾಣಿಸಿಕೊಳ್ಳುವುದು ಯಾತ್ರಿಕರ ಬರಹಗಳಲ್ಲಿ. ಕ್ರಿ.ಶ. 333ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಿಂದ ಜೆರುಸಲೇಮಿಗೆ ಹೋದ, ಹೆಸರು ತಿಳಿಯದ ಯಾತ್ರಿಕನೊಬ್ಬ ತನ್ನ ಲ್ಯಾಟಿನ್ ಟಿಪ್ಪಣಿಯಲ್ಲಿ ಗೊಲ್ಗೊಥಾವನ್ನು ಸಣ್ಣ ಗುಡ್ಡ ಎಂದು ಕರೆದ. ಎರಡು ವರ್ಷದ ಬಳಿಕ, 335ರಲ್ಲಿ, ಅದೇ ಸ್ಥಳದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಪವಿತ್ರ ಸಮಾಧಿಯ ದೇವಾಲಯದ ಪ್ರತಿಷ್ಠೆಯಾಯಿತು. ಅಲ್ಲಿಂದ ಮುಂದೆ ಚಿತ್ರಕಾರರು ಗುಡ್ಡವನ್ನು ಎತ್ತರಿಸುತ್ತಲೇ ಹೋದರು.

ಹಾಗಾದರೆ ಕಪಾಲ ಯಾರದು? ಇದಕ್ಕೂ ಶುಭಸಂದೇಶಗಳಲ್ಲಿ ಉತ್ತರವಿಲ್ಲ. ಆದಿಮಾನವ ಆದಾಮನನ್ನು ಹೂಳಿದ್ದು ಅಲ್ಲೇ ಎಂಬ ಪ್ರತೀತಿಯನ್ನು ಮೂರನೆಯ ಶತಮಾನದ ಒರಿಗೆನ್ ದಾಖಲಿಸಿದ್ದಾನೆ. ಲ್ಯಾಟಿನ್ ಬೈಬಲಿನ ಅನುವಾದಕ ಸಂತ ಜೆರೋಮ್ ತನ್ನ ಮತ್ತಾಯನ ವ್ಯಾಖ್ಯಾನದಲ್ಲಿ ಅದನ್ನು ಒಪ್ಪಲಿಲ್ಲ. ತಲೆ ಕಡಿಯುವ ಜಾಗವಾದ್ದರಿಂದ ಆ ಹೆಸರು ಬಂತೆಂದು ಅವನ ಅಭಿಪ್ರಾಯ. ಆದರೆ ಜನ ಒಪ್ಪಿದ್ದು ಕಥೆಯನ್ನು. ಸಿರಿಯಾಕ್ ಭಾಷೆಯ ‘ನಿಧಿಗಳ ಗುಹೆ’ ಎಂಬ ಗ್ರಂಥ ಆ ಕಥೆಯನ್ನು ಪೂರ್ತಿ ಬೆಳೆಸಿತು: ನೋಹನು ಜಲಪ್ರಳಯದ ಕಾಲದಲ್ಲಿ ಆದಾಮನ ದೇಹವನ್ನು ನಾವೆಯಲ್ಲಿ ಇಟ್ಟುಕೊಂಡು ಕಾಪಾಡಿದ, ಅವನ ಮಗ ಶೇಮನೂ ಮೆಲ್ಕಿಸೆದೇಕನೂ ಸೇರಿ ಅದನ್ನು ಭೂಮಿಯ ನಡುಮಧ್ಯವಾದ ಗೊಲ್ಗೊಥಾದಲ್ಲಿ ಹೂಳಿದರು. ಮಧ್ಯಯುಗದ ಹಸ್ತಪ್ರತಿಗಳ ಚಿತ್ರಗಳಲ್ಲಿ ಶಿಲುಬೆಯ ಬುಡಕ್ಕೆ ಒಂದು ತಲೆಬುರುಡೆ ಕಾಣುವುದು ಇದರಿಂದಲೇ. ಇಂದಿಗೂ ಬಹಳಷ್ಟು ಶಿಲುಬೆಗಳಲ್ಲಿ ಯೇಸುವಿನ ಪಾದದ ಕೆಳಗೆ ಪುಟ್ಟ ಬುರುಡೆ, ಅಡ್ಡಲಾಗಿಟ್ಟ ಎರಡು ಮೂಳೆ ಇರುತ್ತವೆ. ಶಿಲುಬೆಗೆ ಮುತ್ತಿಡುವಾಗ ಜನ ಆದಾಮನಿಗೂ ತಲೆ ಬಾಗುತ್ತಾರೆ.

ಬೆಟ್ಟ ಹತ್ತುವ ಶಿಲುಬೆಯ ಹಾದಿಯೂ ಇಂಥದೇ. ಅದರ ಹದಿನಾಲ್ಕು ಸ್ಥಳಗಳಲ್ಲಿ ಕನಿಷ್ಠ ಐದು ಬೈಬಲಿನಲ್ಲಿ ಇಲ್ಲ: ಯೇಸು ಮೂರು ಸಲ ಬೀಳುವುದು, ದಾರಿಯಲ್ಲಿ ತಾಯಿ ಎದುರಾಗುವುದು, ವೆರೋನಿಕಾ ಎಂಬ ಹೆಂಗಸು ಬಟ್ಟೆಯಿಂದ ಆತನ ಮುಖ ಒರೆಸುವುದು. ವೆರೋನಿಕಾ ಹೆಸರು ಮೊದಲು ಬರುವುದು ‘ಪಿಲಾತನ ಕಾರ್ಯಗಳು’ ಎಂಬ, ಬೈಬಲಿನ ಹೊರಗುಳಿದ ಬರಹದಲ್ಲಿ. ಅಲ್ಲಿ ಅವಳು ರಕ್ತಸ್ರಾವದಿಂದ ವಾಸಿಯಾದ ಹೆಂಗಸು, ಯೇಸುವಿನ ಪರ ಸಾಕ್ಷಿ ಹೇಳಲು ಬಂದವಳು. ಮುಖ ಒರೆಸಿದ ಬಟ್ಟೆಯ ಪ್ರಸಂಗ ಮಧ್ಯಯುಗದ ಐರೋಪ್ಯ ಬರಹಗಳಲ್ಲಿ ಬೆಳೆಯಿತು. ಆ ಬಟ್ಟೆ ಎಂದು ನಂಬಿದ ವಸ್ತುವನ್ನು ನೋಡಲು 1300ರ ಜೂಬಿಲಿ ವರ್ಷದಲ್ಲಿ ಜನ ರೋಮಿಗೆ ಹರಿದುಬಂದರು. ಸ್ಥಳಗಳ ಲೆಕ್ಕ ಊರಿಗೊಂದು ತರ ಇತ್ತು. ಹದಿನಾಲ್ಕೆಂದು ಗೊತ್ತು ಮಾಡಿದ್ದು 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್. ಎರಡನೆಯ ಜಾನ್ ಪಾಲ್ 1991ರಲ್ಲಿ ಬೈಬಲಿನ ಆಧಾರವಿರುವ ಹದಿನಾಲ್ಕು ಸ್ಥಳಗಳ ಬೇರೊಂದು ಹಾದಿಯನ್ನು ರೂಢಿಗೆ ತಂದರು. ಹಳೆಯದನ್ನು ತೆಗೆದುಹಾಕಲಿಲ್ಲ.

ಇಂಥ ಪ್ರಶ್ನೆಗಳೆದುರು ‘ಬೈಬಲಿನಲ್ಲಿ ಇಲ್ಲ, ಆದ್ದರಿಂದ ಸುಳ್ಳು’ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಹಳೆ ಮೈಸೂರು ಸೀಮೆಯ ಕಥೋಲಿಕರ ಚರಿತ್ರೆ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಇಲ್ಲಿ ನಂಬಿಕೆ ಮೊದಲು ಬಂತು, ಪುಸ್ತಕ ಆಮೇಲೆ ಬಂತು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ 1640ರ ದಶಕದ ಕೊನೆಯಲ್ಲಿ ಕಂಠೀರವ ನರಸರಾಜ ಒಡೆಯರ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದರು. ಅವರು ಕನ್ನಡ ಕಲಿತು ಕನ್ನಡದಲ್ಲೇ ಜ್ಞಾನೋಪದೇಶ ಬರೆದರು, ಸಂತರ ಚರಿತ್ರೆ ಬರೆದರು, ಕನ್ನಡ ವ್ಯಾಕರಣವನ್ನೂ ಶಬ್ದಕೋಶವನ್ನೂ ಸಿದ್ಧಪಡಿಸಿದರು. ನಿಘಂಟುಕಾರ ಕಿಟ್ಟೆಲ್ ಹುಟ್ಟುವುದಕ್ಕೆ ಸುಮಾರು ನೂರೆಂಬತ್ತು ವರ್ಷ ಹಿಂದಿನ ಮಾತು ಇದು. ಎಲ್ಲವೂ ಕೈಬರಹ. ಮಿಷನ್ ಅಲ್ಲಿಂದ ಕಾನಕಾನಹಳ್ಳಿ ಸೀಮೆಗೆ, ಎಂದರೆ ಇಂದಿನ ಕನಕಪುರದ ಕಡೆಗೆ ಹಬ್ಬಿತು.

ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ, 1830ರ ದಶಕದ ಆರಂಭದಲ್ಲಿ. ಅದೂ ಪ್ರಾಟೆಸ್ಟೆಂಟ್ ಬೈಬಲ್. ಚಿನ್ನಮಿಯವರಿಂದ ಲೆಕ್ಕ ಹಾಕಿದರೆ ಆರೇಳು ತಲೆಮಾರಿನ ಕಥೋಲಿಕರು ಬೈಬಲನ್ನು ಕೈಯಲ್ಲಿ ಹಿಡಿಯದೆ ಬಾಳಿದರು. ಗುರುಗಳು ಹೇಳಿಕೊಟ್ಟ ಜಪ, ಬಾಯಿಪಾಠ ಮಾಡಿದ ಜ್ಞಾನೋಪದೇಶ, ಹಬ್ಬದ ತೇರು, ಗೋಡೆಯ ಚಿತ್ರ, ಮನೆಯಲ್ಲಿ ಕೇಳಿದ ಸಂತರ ಕಥೆ ಇವೇ ಅವರ ವೇದ. ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಚೌರಪ್ಪ ಎಂದು ಮಕ್ಕಳಿಗಿಟ್ಟ ಹೆಸರುಗಳಲ್ಲಿ ಪೇತ್ರ, ಪೌಲ, ಇಗ್ನೇಷಿಯಸ್, ಝೇವಿಯರ್ ಈ ನೆಲದವರಾಗಿಬಿಟ್ಟಿದ್ದರು.

ಕರಾವಳಿಯಲ್ಲಿ ಇದಕ್ಕೆ ಇನ್ನೂ ದೊಡ್ಡ ಸಾಕ್ಷಿಯಿದೆ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಬೈಬಲಿನ ಕಥೆಯನ್ನು ಮರಾಠಿ-ಕೊಂಕಣಿಯ ಓವಿ ಎಂಬ ಪದ್ಯಗಳಲ್ಲಿ ‘ಕ್ರಿಸ್ತಪುರಾಣ’ವಾಗಿ ಹಾಡಿದ. ಸುಮಾರು ಹನ್ನೊಂದು ಸಾವಿರ ಓವಿಗಳ ಕಾವ್ಯ ಅದು. 1616, 1649, 1654ರಲ್ಲಿ ಮೂರು ಸಲ ಅಚ್ಚಾಯಿತು. ಆ ಮೂರು ಮುದ್ರಣಗಳ ಒಂದೇ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಕಾವ್ಯ ಉಳಿದದ್ದು ಕೈಬರಹದಲ್ಲಿ, ಗೋವಾದಿಂದ ಕೆನರಾಕ್ಕೆ ವಲಸೆ ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ. 1907ರಲ್ಲಿ ಜೋಸೆಫ್ ಸಲ್ದಾನ್ಹಾ ಅಂಥ ಹಸ್ತಪ್ರತಿಗಳನ್ನು ಹೋಲಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ದೇವನಾಗರಿ ಲಿಪಿಯ ಇನ್ನೊಂದು ಪ್ರತಿ ಲಂಡನ್ನಿನ ಮಾರ್ಸ್‌ಡೆನ್ ಸಂಗ್ರಹದಲ್ಲಿ ಪತ್ತೆಯಾಯಿತು. ಅಚ್ಚಿನ ಯಂತ್ರಕ್ಕಿಂತ ಮನೆಮನೆಯ ಲೇಖನಿ ಗಟ್ಟಿ ಎಂದು ತೋರಿಸಿದ ಉದಾಹರಣೆ ಭಾರತದ ಕ್ರೈಸ್ತ ಸಾಹಿತ್ಯದಲ್ಲಿ ಇದಕ್ಕಿಂತ ಮಿಗಿಲಾದದ್ದು ಇರಲಾರದು.

ಬೈಬಲಿನ ಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ: ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟರದರಲ್ಲಿ 66. ಏಕೆ? ಹಳೆಯ ಒಡಂಬಡಿಕೆಯ ಏಳು ಪುಸ್ತಕಗಳು ಗ್ರೀಕ್ ಬೈಬಲಿನಲ್ಲಿದ್ದು ಹೀಬ್ರೂ ಪಟ್ಟಿಯಲ್ಲಿಲ್ಲ. ಸುಧಾರಣಾವಾದಿಗಳು ಹೀಬ್ರೂ ಪಟ್ಟಿಗೆ ನಿಂತರು. 1546ರ ಏಪ್ರಿಲ್‌ನಲ್ಲಿ ಟ್ರೆಂಟ್ ಮಹಾಸಭೆ ಏಳನ್ನೂ ಒಳಗಿಟ್ಟುಕೊಂಡಿತು. ಸತ್ತವರಿಗಾಗಿ ಪ್ರಾರ್ಥಿಸುವ ಪ್ರಸಂಗ ಬರುವ ಮಕ್ಕಬಿಯರ ಎರಡನೆಯ ಪುಸ್ತಕ ಆ ಏಳರಲ್ಲಿ ಒಂದು. ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವಿಟ್ಟು ಮೊಂಬತ್ತಿ ಹಚ್ಚುವ ರೂಢಿಯ ಹಿಂದೆ ಆ ಪುಟವೂ ಇದೆ.

ಕ್ರಿಸ್‌ಮಸ್ ಗೋದಲಿಗೆ ಬರೋಣ. ಹುಲ್ಲು, ಮಣ್ಣು, ಕಾಗದದ ಬೆಟ್ಟ, ಮಗು, ತಾಯಿ, ಜೋಸೆಫ್, ಕುರುಬರು. ಮಗುವಿನ ಎರಡು ಮಗ್ಗುಲಿಗೆ ಎತ್ತು ಮತ್ತು ಕತ್ತೆ. ದೂರದಲ್ಲಿ ಒಂಟೆಯ ಜೊತೆ ಮೂರು ರಾಜರು. ಲೂಕನು ಗೋದಲಿಯನ್ನು ಹೆಸರಿಸುತ್ತಾನೆ, ಪ್ರಾಣಿಗಳನ್ನು ಹೆಸರಿಸುವುದಿಲ್ಲ. ಎತ್ತು ತನ್ನ ಒಡೆಯನನ್ನು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲವು ಎಂಬರ್ಥದ ಯೆಶಾಯನ ಮಾತನ್ನು ಹಿಡಿದು ಅವನ್ನು ಬೆತ್ಲೆಹೇಮಿಗೆ ಕರೆತಂದದ್ದು ‘ಹುಸಿ ಮತ್ತಾಯ’ ಎಂದು ವಿದ್ವಾಂಸರು ಕರೆಯುವ ಲ್ಯಾಟಿನ್ ಬರಹ. ಮಧ್ಯಯುಗದಲ್ಲಿ ಅದನ್ನು ಕೈಯಿಂದ ಕೈಗೆ ನಕಲು ಮಾಡಿಕೊಂಡರು. 1223ರಲ್ಲಿ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ಜೀವಂತ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿದ.

ಮೂರು ರಾಜರ ಕಥೆ ಇನ್ನೂ ಸೊಗಸಾಗಿದೆ. ಮತ್ತಾಯನು ಮೂಡಣದ ಜ್ಞಾನಿಗಳು ಬಂದರು ಎನ್ನುತ್ತಾನೆ. ಎಷ್ಟು ಜನ, ಹೆಸರೇನು, ರಾಜರೇ ಎಂದು ಹೇಳುವುದಿಲ್ಲ. ಕಾಣಿಕೆ ಮೂರಾದ್ದರಿಂದ ಕೊಟ್ಟವರೂ ಮೂವರಾದರು. ಆರನೆಯ ಶತಮಾನದ ರವೆನ್ನಾ ನಗರದ ಗೋಡೆಚಿತ್ರದಲ್ಲಿ ಅವರ ತಲೆಯ ಮೇಲೆ ಬಲ್ತಜಾರ್, ಮೆಲ್ಕಿಯೋರ್, ಗಾಸ್ಪರ್ ಎಂಬ ಹೆಸರುಗಳಿವೆ. 1164ರಲ್ಲಿ ಅವರದೆಂದು ನಂಬಿದ ಮೂಳೆಗಳು ಮಿಲಾನಿನಿಂದ ಜರ್ಮನಿಯ ಕೊಲೋನಿಗೆ ಸಾಗಿದವು. ಹದಿನಾಲ್ಕನೆಯ ಶತಮಾನದಲ್ಲಿ ಹಿಲ್ಡೆಸ್‌ಹೈಮಿನ ಯೊಹಾನ್ ಎಂಬ ಸನ್ಯಾಸಿ ಅವರ ಚರಿತ್ರೆಯನ್ನೇ ಬರೆದ. ಅವನ ಪ್ರಕಾರ ಆ ಅರಸರು ಇಂಡಿಯಾದವರು. ಮುಂದೆ ಪ್ರೇಷಿತ ತೋಮನೇ ಅವರಿಗೆ ದೀಕ್ಷಾಸ್ನಾನ ಕೊಟ್ಟ. ಮಧ್ಯಯುಗದ ಐರೋಪ್ಯರಿಗೆ ಇಂಡಿಯಾ ಎಂದರೆ ಆಫ್ರಿಕದಿಂದ ಚೀನಾದ ತನಕ ಏನೂ ಆಗಬಹುದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಆ ಮೂಳೆಗಳಿಗಾಗಿ 1248ರಲ್ಲಿ ಕೊಲೋನಿನಲ್ಲಿ ಕಟ್ಟಲು ಶುರುಮಾಡಿದ ಮಹಾದೇವಾಲಯ ಮೈಸೂರಿನವರಿಗೆ ಅಪರಿಚಿತವಲ್ಲ. ರಾಮನಗರ, ಚನ್ನಪಟ್ಟಣ ದಾಟಿ ಮೈಸೂರು ಸೇರಿದವರು ಅಶೋಕ ರಸ್ತೆಯಲ್ಲಿ ನೋಡುವ ಸಂತ ಫಿಲೋಮಿನಾ ದೇವಾಲಯದ 175 ಅಡಿಯ ಅವಳಿ ಗೋಪುರಗಳಿಗೆ ಕೊಲೋನಿನ ಗೋಪುರಗಳೇ ಮಾದರಿ. 1933ರ ಅಕ್ಟೋಬರ್ 28ರಂದು ಅದಕ್ಕೆ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಫಿಲೋಮಿನಾಳ ಅವಶೇಷವೊಂದನ್ನು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಪಡೆದು ತಂದವರು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿ. ಪೀಠದ ಕೆಳಗಿನ ನೆಲಮನೆಯಲ್ಲಿ ಮಲಗಿದ ಫಿಲೋಮಿನಾ ಪ್ರತಿಮೆಯ ಮುಂದೆ ಇಂದೂ ಎಲ್ಲ ಜಾತಿ ಮತದವರು ನಿಂತು ಕೈಮುಗಿದು ಬರುತ್ತಾರೆ.

ಆದರೆ ಫಿಲೋಮಿನಾ ಯಾರು? ಕಥೋಲಿಕ ಜಗತ್ತಿನ ಬಲು ವಿಚಿತ್ರ ಪ್ರಶ್ನೆಗಳಲ್ಲಿ ಇದೊಂದು. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಸುರಂಗದ ಸಮಾಧಿ ಮಾಳಿಗೆಗಳಲ್ಲಿ ಒಂದು ಗೂಡು ಸಿಕ್ಕಿತು. ಬಾಯಿ ಮುಚ್ಚಲು ಮೂರು ಸುಟ್ಟ ಹೆಂಚುಗಳನ್ನಿಟ್ಟಿದ್ದರು. ಕೆಂಪು ಬಣ್ಣದಲ್ಲಿ ಒಂದರ ಮೇಲೆ ‘ಲುಮೆನಾ’, ನಡುವಿನದರ ಮೇಲೆ ‘ಪಾಕ್ಸ್ ತೆ’, ಮೂರನೆಯದರ ಮೇಲೆ ‘ಕುಂ ಫಿ’ ಎಂದಿತ್ತು. ಜೊತೆಗೆ ಲಂಗರು, ಬಾಣಗಳ ಗುರುತು. ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ ‘ಶಾಂತಿಯಿರಲಿ ನಿನಗೆ, ಫಿಲುಮೆನಾ’ ಎಂದಾಗುತ್ತದೆ. ಒಳಗೆ ಹದಿಹರೆಯದ ಹುಡುಗಿಯ ಮೂಳೆ, ಒಂದು ಮುರಿದ ಗಾಜಿನ ಕುಪ್ಪಿ. ಕುಪ್ಪಿಯಲ್ಲಿದ್ದದ್ದು ನೆತ್ತರೆಂದು ಬಗೆದು ಅವಳು ಹುತಾತ್ಮಳು ಎಂದು ತೀರ್ಮಾನಿಸಿದರು.

1805ರಲ್ಲಿ ಮೂಳೆಗಳು ನೇಪಲ್ಸ್ ಬಳಿಯ ಮುನ್ಯಾನೊ ಎಂಬ ಊರಿಗೆ ಹೋದವು. ಪವಾಡಗಳ ಸುದ್ದಿ ಹಬ್ಬಿತು. ಅವಳ ಬದುಕಿನ ಕಥೆ ಯಾವ ಹಳೆಯ ಗ್ರಂಥದಲ್ಲೂ ಇರಲಿಲ್ಲ. ನೇಪಲ್ಸಿನ ಕನ್ಯಾಸ್ತ್ರೀಯೊಬ್ಬರು ತಮಗೆ ದರ್ಶನದಲ್ಲಿ ತಿಳಿದದ್ದೆಂದು ಹೇಳಿದ ವಿವರಗಳೇ ಅದಕ್ಕೆ ಆಧಾರ. ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೆಷಿಯನ್ನನನ್ನು ಮದುವೆಯಾಗಲು ಒಪ್ಪದವಳು, ಲಂಗರು ಕಟ್ಟಿ ನದಿಗೆ ಎಸೆದರೂ ಸಾಯದವಳು. 1837ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಅವಳ ಸಾರ್ವಜನಿಕ ಭಕ್ತಿಗೆ ಅನುಮತಿ ಕೊಟ್ಟರು. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಪುರಾತತ್ತ್ವಜ್ಞ ಒರಾಜಿಯೊ ಮರುಕ್ಕಿ ಬೇರೆ ವಾದ ಮುಂದಿಟ್ಟ: ಹೆಂಚುಗಳು ಹಿಂದುಮುಂದಾದದ್ದು ಅವಸರದಿಂದ ಆದದ್ದಲ್ಲ, ಹಳೆಯ ಸಮಾಧಿಯ ಹೆಂಚುಗಳನ್ನು ಮತ್ತೊಬ್ಬರ ಸಮಾಧಿಗೆ ಬೇಕೆಂದೇ ಅದಲುಬದಲು ಮಾಡಿ ಬಳಸಿದ್ದರು. ಹಾಗಿದ್ದರೆ ಮೂಳೆ ಬೇರೆಯವಳದು, ಹೆಸರು ಬೇರೆಯವಳದು. 1961ರ ಫೆಬ್ರವರಿ 14ರಂದು ರೋಮ್ ಅವಳ ಹಬ್ಬವನ್ನು ಎಲ್ಲ ಪೂಜಾ ಪಂಚಾಂಗಗಳಿಂದ ತೆಗೆಯಿತು.

ಮೈಸೂರಿನ ದೇವಾಲಯ ಆಗ ಎದ್ದು ಹೆಚ್ಚು ಕಾಲವಾಗಿರಲಿಲ್ಲ. ಪಂಚಾಂಗದಿಂದ ತೆಗೆದದ್ದನ್ನು ಹಲವರು ‘ಸಂತ ಪದವಿ ಹೋಯಿತು’ ಎಂದು ತಿಳಿದರು; ಅದು ಸರಿಯಲ್ಲ. ಪೂಜಾಕ್ರಮದಲ್ಲಿ ಅವಳ ಹೆಸರಿನ ಹಬ್ಬ ನಿಂತಿತು, ಖಾಸಗಿ ಭಕ್ತಿಗೆ ಯಾರೂ ಅಡ್ಡಿ ಮಾಡಲಿಲ್ಲ. ಇಂದು ಆ ದೇವಾಲಯ ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ ಇಬ್ಬರ ಹೆಸರನ್ನೂ ಹೊತ್ತಿದೆ. ಇಲ್ಲಿ ಚರ್ಚು ನಡೆದುಕೊಂಡ ರೀತಿ ಗೌರವಕ್ಕೆ ಅರ್ಹ: ದಾಖಲೆ ಸಾಲದು ಎಂದು ಒಪ್ಪಿಕೊಂಡಿತು, ಮೊರೆಯಿಟ್ಟವರನ್ನು ಬೀದಿಗೆ ತಳ್ಳಲಿಲ್ಲ.

ಹಸ್ತಪ್ರತಿಯ ಒಗಟೊಂದು ಶ್ರೀರಂಗಪಟ್ಟಣಕ್ಕೇ ಅಂಟಿಕೊಂಡಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿದ್ದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಗುರು ಅಬೆ ದ್ಯುಬ್ವಾ ಸನ್ಯಾಸಿಯಂತೆ ಉಟ್ಟು, ಊರೂರು ಅಲೆದು, ಸಿಡುಬಿನ ಲಸಿಕೆ ಹಾಕಿಸಿದವರು. ಹಿಂದೂಗಳ ಆಚಾರ ವಿಚಾರಗಳ ಮೇಲಿನ ಅವರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಿದರು; ಕಂಪನಿ ಸರ್ಕಾರ 2000 ವರಹ ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಬಂದು ಅದು ಜಗತ್ಪ್ರಸಿದ್ಧವಾಯಿತು. ಸಪ್ತರ್ಷಿಗಳು ಪ್ರಳಯದಿಂದ ಪಾರಾದ ಕಥೆಯಲ್ಲಿ ದ್ಯುಬ್ವಾ ನೋಹನ ನಾವೆಯನ್ನು ಕಂಡರು. ಬ್ರಾಹ್ಮಣರ ಮೂಲವನ್ನು ನೋಹನ ಮಗ ಯೆಫೆತನ ಸಂತತಿಗೆ ಜೋಡಿಸಿದರು. ಅಂದಿನ ಐರೋಪ್ಯ ಪಂಡಿತರಿಗೆ ಲೋಕದ ಯಾವ ಜನಾಂಗವೂ ಬೈಬಲಿನ ವಂಶವೃಕ್ಷದ ಹೊರಗೆ ಇರಲು ಸಾಧ್ಯವಿರಲಿಲ್ಲ.

1970–80ರ ದಶಕಗಳಲ್ಲಿ ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ 1777ರ ಹಸ್ತಪ್ರತಿಯೊಂದನ್ನು ಹಿಡಿದು ಕೂತರು. ದೆವೋ ಎಂಬ ಫ್ರೆಂಚ್ ಸೇನಾಧಿಕಾರಿ ಸಿದ್ಧಪಡಿಸಿದ್ದ ಅದಕ್ಕೂ ದ್ಯುಬ್ವಾ ಪುಸ್ತಕಕ್ಕೂ ಪುಟಪುಟಗಳ ಹೋಲಿಕೆಯಿತ್ತು. ಎರಡರ ಮೂಲವೂ ಪುದುಚೇರಿಯಲ್ಲಿದ್ದ ಯೇಸುಸಭೆಯ ಗುರು ಕೆರ್ದು ಅವರ, ಕಳೆದುಹೋದ ಬರಹ ಎಂದು 1987ರಲ್ಲಿ ಮುರ್ ಸಾಧಿಸಿ ತೋರಿಸಿದರು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್‌ಗಳಿಗೂ ನಂಟಿದೆ ಎಂದು ವಿಲಿಯಂ ಜೋನ್ಸ್‌ಗಿಂತ ಮುಂಚೆ ಪ್ಯಾರಿಸ್ಸಿಗೆ ಬರೆದವರೂ ಇದೇ ಕೆರ್ದು. ಮೈಸೂರು ಸೀಮೆಯ ಪ್ರತ್ಯಕ್ಷ ವರದಿ ಎಂದು ನೂರೈವತ್ತು ವರ್ಷ ಓದಿದ ಪುಟಗಳಲ್ಲಿ ಎಷ್ಟು ಭಾಗ ತಮಿಳು, ತೆಲುಗು ನಾಡಿನ ಹಿಂದಿನ ತಲೆಮಾರಿನದು ಎಂದು ಮೈಸೂರಿನ ಇತಿಹಾಸ ಬರೆಯುವವರು ಇನ್ನೂ ಎಚ್ಚರದಿಂದ ಬಿಡಿಸಿ ನೋಡಬೇಕಾಗಿದೆ.

ಕನ್ನಡ ನೆಲದ ಇನ್ನೊಂದು ಐರೋಪ್ಯ ಬರಹ, ಎಂದರೆ ವಿಜಯನಗರದ ವರ್ಣನೆಯೊಂದು, ನಮಗೆ ಉಳಿದಿರುವುದು ಪಾಪನಿವೇದನೆಯ ದೆಸೆಯಿಂದ. ವೆನಿಸ್ ಸೀಮೆಯ ವರ್ತಕ ನಿಕೊಲೊ ಕಾಂಟಿ 1420ರ ಸುಮಾರಿಗೆ ಆ ನಗರ ನೋಡಿದವನು. ಊರಿಗೆ ಮರಳುವ ದಾರಿಯಲ್ಲಿ ಜೀವಭಯಕ್ಕೆ ಮತ ಬಿಟ್ಟಿದ್ದನ್ನು ಪೋಪ್ ನಾಲ್ಕನೆಯ ಯುಜೀನ್ ಕ್ಷಮಿಸಿದರು; ಪ್ರಾಯಶ್ಚಿತ್ತವಾಗಿ, ಕಂಡದ್ದನ್ನೆಲ್ಲ ಸುಳ್ಳಿಲ್ಲದೆ ತಮ್ಮ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿಗೆ ಹೇಳಬೇಕೆಂದು ವಿಧಿಸಿದರೆಂದು ಪ್ರತೀತಿ. ಪೊಜ್ಜೊ ಅಂದಿನ ಯೂರೋಪಿನಲ್ಲಿ ಹಸ್ತಪ್ರತಿ ಬೇಟೆಗೆ ಹೆಸರಾದವನು. ಮಠವೊಂದರಲ್ಲಿ ಮರೆತುಹೋಗಿದ್ದ ಲುಕ್ರೀಷಿಯಸ್ ಕವಿಯ ಕಾವ್ಯವನ್ನು 1417ರಲ್ಲಿ ಹುಡುಕಿ ತೆಗೆದವನು. ಅರವತ್ತು ಮೈಲಿ ಸುತ್ತಳತೆಯ ಬಿಜೆಂಗಾಲಿಯಾ (ವಿಜಯನಗರ), ಆಯುಧ ಹಿಡಿಯಬಲ್ಲ ತೊಂಬತ್ತು ಸಾವಿರ ಗಂಡಸರು, ತೇರಿನ ಹಬ್ಬಗಳು ಅವನ ಲ್ಯಾಟಿನ್ ಬರಹದಲ್ಲಿ ಬರುತ್ತವೆ. ಮೈಲಾಪುರದಲ್ಲಿ ತೋಮನ ದೇಹವಿರುವ ದೊಡ್ಡ ದೇವಾಲಯವನ್ನೂ ಕಾಂಟಿ ನೆನೆದಿದ್ದಾನೆ.

ಕನ್ನಡಕ್ಕೂ ಶುಭಸಂದೇಶಗಳ ಹಸ್ತಪ್ರತಿಗಳಿಗೂ ಇರುವ ಹತ್ತಿರದ ನೆರೆಹೊರೆ ಈಜಿಪ್ಟಿನಲ್ಲಿ ಸಿಗುತ್ತದೆ. 1896ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ಆಕ್ಸಿರಿಂಕಸ್ ಪಟ್ಟಣದ ಹಳೆಯ ಕಸದ ಗುಡ್ಡೆಗಳನ್ನು ಅಗೆಯತೊಡಗಿದರು. ಮೊದಲಿಗೆ ಪ್ರಕಟವಾದ ಹಾಳೆ ಯೇಸುವಿನ ಹೇಳಿಕೆಗಳದು. ಅವು ‘ತೋಮನ ಶುಭಸಂದೇಶ’ದ ಗ್ರೀಕ್ ತುಣುಕು ಎಂದು ಖಚಿತವಾದದ್ದು 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಆ ಗ್ರಂಥದ ಕಾಪ್ಟಿಕ್ ಪ್ರತಿ ಸಿಕ್ಕ ಬಳಿಕ. ಅದೇ ಕಸದಿಂದ ಬಂದು 1903ರಲ್ಲಿ ಅಚ್ಚಾದ 413ನೆಯ ಪಪೈರಸ್ ಒಂದು ಗ್ರೀಕ್ ಪ್ರಹಸನ. ಕಾರಿಷನ್ ಎಂಬ ಗ್ರೀಕ್ ಹೆಣ್ಣು ಇಂಡಿಯಾದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿದ್ದಾಳೆ; ಅವಳ ಕಡೆಯವರು ಬಂದು ರಾಜನಿಗೂ ಪರಿವಾರಕ್ಕೂ ಹೆಂಡ ಕುಡಿಸಿ ಅವಳನ್ನು ಹಡಗು ಹತ್ತಿಸುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ.

ಆ ಮಾತು ಕನ್ನಡ ಎಂದು 1904ರಲ್ಲಿ ಹೇಳಿದವರು ಶಾಸನತಜ್ಞ ಹುಲ್ಟ್ಶ್. ಬಟ್ಟಲಿಗೆ ಹೆಂಡ ಸುರಿಯುವ ಕೆಲವು ಸಾಲುಗಳನ್ನು ಅವರು ಕನ್ನಡವಾಗಿ ಓದಿದರು. ಆರ್. ಶಾಮಶಾಸ್ತ್ರಿಗಳು ಆ ಓದನ್ನು ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಮೇಲೆ ಬರೆದರು. ಲಯೊನೆಲ್ ಬಾರ್ನೆಟ್ ಒಪ್ಪಲಿಲ್ಲ, ನಗೆ ಹುಟ್ಟಿಸಲು ಹೊಸೆದ ಅರ್ಥವಿಲ್ಲದ ಶಬ್ದಗಳವು ಎಂದು ಕೆಲವರು ತಳ್ಳಿಹಾಕಿದರು, ತುಳು ಎಂದವರೂ ಇದ್ದಾರೆ. ಗ್ರೀಕ್ ಲಿಪಿಕಾರ ತನಗೆ ತಿಳಿಯದ ನುಡಿಯನ್ನು ಕಿವಿಗೆ ಬಿದ್ದಂತೆ, ಪದಗಳ ನಡುವೆ ಜಾಗ ಬಿಡದೆ ಬರೆದಿರುವುದರಿಂದ ಎಲ್ಲಿ ಕಡಿದು ಓದಬೇಕು ಎಂಬುದರಲ್ಲೇ ವಿದ್ವಾಂಸರು ಬೇರೆಯಾಗುತ್ತಾರೆ. ಪ್ರತಿಯ ಕಾಲ ಎರಡನೆಯ ಶತಮಾನ ಎನ್ನುತ್ತಾರೆ; ಕನ್ನಡದ ಹಳೆಯ ಹಲ್ಮಿಡಿ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದೆ.